ಇಳಿಯುವ ಭಾರ

ಗಾಡಿ ಮುಗಿಯುತ್ತಲೇ ಇರಲಿಲ್ಲ. ಬಂಗಾರಪೇಟೆ ಸ್ಟೇಶನ್ನಿನ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತ ಸೃಜನ್‌ನ ಮುಂದೆ ಕಲ್ಲಿದ್ದಲಿನ ವ್ಯಾಗನ್ನುಗಳು ಒಂದರ ಹಿಂದೆ ಒಂದು ಹಾಯುತ್ತಿದ್ದವು, ನಿಧಾನವಾಗಿ, ಯಾರಿಗೂ ಉತ್ತರ ಹೇಳಬೇಕಿಲ್ಲದವರ ಗತ್ತಿನಲ್ಲಿ. ಬಿಳಿ ಅಂಗಿ ಹಾಕಿಕೊಂಡು ಬಂದದ್ದು ತಪ್ಪಾಯಿತೆನ್ನಿಸಿ ಅವನು ಹಿಂದೆ ಸರಿದು ನಿಂತ.

ಈ ಗೂಡ್ಸಿಗೆ ದಾರಿ ಬಿಡಲೆಂದೇ ಪ್ಯಾಸೆಂಜರ್ ಗಾಡಿಯನ್ನು ಹೊರಗೆಲ್ಲೋ ತಡೆದಿದ್ದರು. ಆ ಗಾಡಿಯಲ್ಲಿ ಹನುಮಂತರಾಯಪ್ಪನವರಿದ್ದರು. ದೇಶ ಕಲ್ಲಿದ್ದಲನ್ನು ಹೇಗೆ ಬಿಡಬೇಕೆಂದು ಸರಕಾರಕ್ಕೆ ಹೇಳಿಕೊಡುವ ದಿಲ್ಲಿಯ ಸಮಿತಿಯ ಸದಸ್ಯರು. ಕಾರು ಬೇಡ, ಕರೆಂಟಿನ ರೈಲಿನಲ್ಲೇ ಬರುತ್ತೇನೆ ಎಂದು ಹಟ ಹಿಡಿದು ಹೊರಟವರು. ಕಲ್ಲಿದ್ದಲು ಅವರನ್ನು ಹೊಲದ ನಡುವೆ ಕೂರಿಸಿ ತಾನು ಮುಂದೆ ಹೋಗುತ್ತಿತ್ತು. ಇದನ್ನು ಯಾರಿಗಾದರೂ ಹೇಳಿ ನಗಬೇಕೆನ್ನಿಸಿತು ಸೃಜನ್‌ಗೆ. ಸುತ್ತ ನೋಡಿದ. ಹಾಲಿನ ಖಾಲಿ ಕ್ಯಾನುಗಳ ಪಕ್ಕ ಕುಳಿತವನೊಬ್ಬ ಬೀಡಿ ಹಚ್ಚುತ್ತಿದ್ದ. ಹೇಳಲಿಲ್ಲ.

ಫೋನು ಬಂತು. ದಾವಣಗೆರೆಯಿಂದ ಹೆಂಡತಿ ಪ್ರೇರಣಾ.

"ಇವತ್ತೇ ಅಲ್ವಾ?"

"ಹೌದು."

"ನೀನೂ ಒಳಗೆ ಇಳೀತೀಯಾ?"

"ನಾನ್ಯಾಕೆ ಇಳೀಲಿ? ಕಲ್ಲು ಇಳಿಯುತ್ತೆ."

"ಸರಿ. ಅಲ್ಲಿ ಮೋಡ ಇದೆಯಾ?"

"ಇಲ್ಲ. ಬಿಸಿಲು. ಒಳ್ಳೇ ಬಿಸಿಲು."

"ಸರಿ ಹಾಗಾದ್ರೆ."

ಅವರಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಅವಳು ಅಲ್ಲಿನ ಕಾಲೇಜಿನಲ್ಲಿ, ಇವನು ಇಲ್ಲಿನ ಗಣಿಯಲ್ಲಿ. ಜಗಳಕ್ಕೂ ಒಂದಿಷ್ಟು ಮಾತು ಬೇಕಾಗುತ್ತದೆ. ಸೃಜನ್ ಫೋನನ್ನು ಜೇಬಿಗಿಳಿಸಿ ಕೊನೆಯ ವ್ಯಾಗನ್ನು ಹಾಯುವವರೆಗೂ ಕಾದ. ಅವನಿಗೆ ಬೇಸರವಾಗಲಿಲ್ಲ. ಇನ್ನೆಷ್ಟು ದಿನ ಓಡಾಡೀಯ, ಓಡಾಡು, ಎಂದು ಆ ಗಾಡಿಯ ಬೆನ್ನಿಗೆ ಮನಸ್ಸಿನಲ್ಲೇ ಹೇಳಿದ. ನಂಬಿಕೆಯಿಂದಲೇ ಹೇಳಿದ.

ಆ ನಂಬಿಕೆಗೆ ಕಾರಣವಿತ್ತು. ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿ ಎರಡು ದಶಕ ದಾಟಿತ್ತು. ಉಳಿದದ್ದು ಸೈನೈಡ್ ಮಣ್ಣಿನ ಬೋಳು ದಿಬ್ಬಗಳು, ಕಾರ್ಮಿಕರ ಲೈನು ಮನೆಗಳು, ನೆಲದೊಳಕ್ಕೆ ನೆಟ್ಟಗೆ ಇಳಿದ ಶಾಫ್ಟುಗಳು. ಬೇರೆಯವರಿಗೆ ತೂತು ಕಂಡಲ್ಲಿ ಸೃಜನ್‌ಗೆ ಬ್ಯಾಟರಿ ಕಂಡಿತ್ತು. ಬಿಸಿಲಿನ ಕರೆಂಟಿನ ಕಷ್ಟವೆಂದರೆ ಬೇಡದಾಗ ದಂಡಿಯಾಗಿ ಬರುತ್ತದೆ, ಬೇಕಾದಾಗ ನಾಪತ್ತೆ. ಹಗಲು ಮಿಕ್ಕ ಕರೆಂಟಿನಿಂದ ಶಾಫ್ಟಿನ ಆಳದಿಂದ ಭಾರಿ ಕಾಂಕ್ರೀಟು ಕಲ್ಲೊಂದನ್ನು ಮೇಲೆತ್ತಿ ನಿಲ್ಲಿಸು. ಸಂಜೆ ಊರಿಗೆ ದೀಪ ಬೇಕಾದಾಗ ಬಿಡು. ಇಳಿಯುವ ಭಾರ ಹಗ್ಗ ಎಳೆಯುತ್ತದೆ, ಹಗ್ಗ ಚಕ್ರ ತಿರುಗಿಸುತ್ತದೆ, ಚಕ್ರ ಕರೆಂಟು ಕೊಡುತ್ತದೆ. ಬಾವಿಗೆ ಕೊಡ ಬಿಟ್ಟರೆ ರಾಟೆ ತಾನೇ ತಿರುಗುವುದಿಲ್ಲವೇ, ಹಾಗೆ. ಹೊಗೆಯಿಲ್ಲ, ಬೂದಿಯಿಲ್ಲ. ಅವನು ಆರಿಸಿಕೊಂಡ ಬೇಕರ್ಸ್ ಶಾಫ್ಟಿನ ತಳದಲ್ಲಿ ನೀರು ತುಂಬಿದ್ದರೂ ಮೇಲಿನ ಮುನ್ನೂರು ಮೀಟರು ಸಾಕಾಗಿತ್ತು. ಯಂತ್ರ ಸಿದ್ಧವಿತ್ತು. ಸಮಿತಿ ಹೂಂ ಎಂದರೆ ಮುಂದೆ ಇನ್ನೂ ಹತ್ತಾರು ಶಾಫ್ಟುಗಳು ಅವನ ಕೈಗೆ ಬರುತ್ತಿದ್ದವು.

ಹನುಮಂತರಾಯಪ್ಪನವರು ಬಂದಿಳಿದಾಗ ಬಿಸಿಲು ನೆತ್ತಿಗೇರುತ್ತಿತ್ತು. ಸೃಜನ್‌ನ ಬ್ಯಾಟರಿ ಕಾರಿನಲ್ಲಿ ಕುಳಿತು ಕನ್ನಡಕ ಒರೆಸಿಕೊಂಡರು.

"ನಿಮ್ಮ ಯಂತ್ರದ ಬಗ್ಗೆ ನನಗೆ ಅನುಮಾನವಿಲ್ಲ. ಜನ ಎಲ್ಲಿ?"

"ಬರ್ತಾರೆ ಸಾರ್."

"ಕಳೆದ ಎರಡು ಸಭೆಯ ಫೋಟೋ ನೋಡಿದೆ. ಕುರ್ಚಿಗಳು ಚೆನ್ನಾಗಿದ್ದವು."

ಸೃಜನ್ ನಕ್ಕ. ಅವರು ನಗಲಿಲ್ಲ.

"ಈಗ ನಮ್ಮಲ್ಲಿ ನಿಯಮ ಬದಲಾಗಿದೆ. ಊರಿನವರು ಜೊತೆಗಿಲ್ಲದಿದ್ದರೆ ಯೋಜನೆ ಇಲ್ಲ. ಜಾರ್ಖಂಡದಲ್ಲಿ ಮುಚ್ಚಿದ ಕಲ್ಲಿದ್ದಲ ಗಣಿಗಳಿಗೆ ಬರವಿಲ್ಲ, ಅಲ್ಲಿಗೆ ಹೋಗುತ್ತದೆ. ಇವತ್ತು ನಾನು ಕಂಡದ್ದನ್ನೇ ಬರೆಯುವವನು."

"ಬರ್ತಾರೆ ಸಾರ್," ಎಂದ ಸೃಜನ್ ಮತ್ತೆ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಜನ ಕಿಕ್ಕಿರಿದಿದ್ದರು. ಕಾರು ಹಾರನ್ ಹೊಡೆಯುತ್ತ ಅವರ ನಡುವಿನಿಂದಲೇ ನುಸುಳಿ ಹೋಯಿತು. ಇವರಲ್ಲಿ ಒಂದು ನೂರು ಜನ ಹಿಂಬಾಲಿಸಿ ಬಂದಿದ್ದರೆ ಸಾಕಿತ್ತು. ಇಷ್ಟು ವರ್ಷ ಇದೇ ಮಾರ್ಕೆಟ್ಟಿನಲ್ಲಿ ತರಕಾರಿ ಕೊಂಡಿದ್ದ. ಒಬ್ಬರ ಹೆಸರೂ ಅವನಿಗೆ ಗೊತ್ತಿರಲಿಲ್ಲ.

ಶಾಫ್ಟಿನ ಬಳಿ ಶಾಮಿಯಾನ, ಶಾಮಿಯಾನದ ಕೆಳಗೆ ಕುರ್ಚಿ, ಕುರ್ಚಿಗಳ ಮೇಲೆ ಬರೀ ನೆರಳು. ಒಂದು ಮೂಲೆಯಲ್ಲಿ ಮುಚ್ಚಿಟ್ಟ ಪಾತ್ರೆಗಳಲ್ಲಿ ಉಪ್ಪಿಟ್ಟು ಆರುತ್ತಿತ್ತು. ಹಗ್ಗದ ಯಂತ್ರ ನಡೆಸುವ ಮುನೀಂದ್ರ ಓಡಿ ಬಂದ. ಅವನು ಬೇತಮಂಗಲದ ಕಡೆಯವನು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಬೈಕಿನಲ್ಲಿ ಕೆಲಸಕ್ಕೆ ಬರುವವನು.

"ಆಟೋಗೆ ಮೈಕ್ ಕಟ್ಟಿ ಆಂಡರ್ಸನ್‌ಪೇಟೆ ಪೂರ್ತಿ ಸುತ್ತಾಡ್ಸಿದ್ದೀನಿ ಸಾರ್. ಕನ್ನಡ, ತಮಿಳು, ತೆಲುಗು, ಮೂರರಲ್ಲೂ ಕೂಗ್ಸಿದ್ದೀನಿ. ತಿಂಡಿ ಐತೆ ಅಂತಾನೂ ಏಳ್ದೆ."

"ಮತ್ತೆ?"

"ಇಲ್ಲೋರಿಗೆ ಮೀಟಿಂಗ್ ಅಂದ್ರೆ ಒಟ್ಟೆ ಉರೀತದೆ ಸಾರ್. ಗಣಿ ಮುಚ್ಚೋವಾಗ ಎಷ್ಟೋ ಮೀಟಿಂಗ್ ಆದ್ವಂತೆ."

ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರೆ. ಸೃಜನ್ ಅಲ್ಲಿ ಗೌಡನೇ. ಆದರೆ ಗೌಡಿಕೆಯನ್ನು ಒಪ್ಪಿಕೊಳ್ಳಲು ಯಾರಾದರೂ ಬರಬೇಕಲ್ಲ. ಹನುಮಂತರಾಯಪ್ಪ ಮುಂದಿನ ಸಾಲಿನಲ್ಲಿ ಒಬ್ಬರೇ ಕುಳಿತು ಹಿಂದಿನ ಸಾಲುಗಳನ್ನು ಒಮ್ಮೆ ತಿರುಗಿ ನೋಡಿದರು.

"ಶುರು ಮಾಡೋಣ," ಎಂದ ಸೃಜನ್.

ಶುರು ಮಾಡುವ ಮೊದಲು ಸೈರನ್ ಆಗಬೇಕು. ಭಾರ ಕದಲುವ ಮುನ್ನ ಬಿಟ್ಟು ಬಿಟ್ಟು ಕೂಗಿ ಎಚ್ಚರಿಸಬೇಕೆಂದು ಸುರಕ್ಷತೆಯ ನಿಯಮ. ಸೈರನ್ ಕೂಗದಿದ್ದರೆ ಬ್ರೇಕೇ ಬಿಡದ ಹಾಗೆ ಬೀಗ ಕೂರಿಸಿದವನು ಸೃಜನ್. ಮನುಷ್ಯರ ನೆನಪನ್ನು ನಂಬಬಾರದು, ವ್ಯವಸ್ಥೆಯನ್ನು ನಂಬಬೇಕು ಎಂಬುದು ಅವನ ಮಾತು. ಇಷ್ಟು ದಿನ ಪರೀಕ್ಷೆಗೆ ಒಂದು ಸಣ್ಣ ಬಜರ್ ಸಾಕಾಗಿತ್ತು. ಹಳೆಯ ಶೆಡ್ಡಿನಲ್ಲಿ ಗಣಿಯ ಕಾಲದ ದೊಡ್ಡ ಸೈರನ್ ಸಿಕ್ಕಿದ ಮೇಲೆ ಅವನಿಗೆ ಆಸೆ ಹುಟ್ಟಿತು. ಪರಂಪರೆಗೂ ಮರ್ಯಾದೆ ಕೊಟ್ಟ ಹಾಗಾಯಿತು ಎಂದು ಬಜರ್ ಕಿತ್ತು ಅದನ್ನೇ ಜೋಡಿಸಿದ. ನಿನ್ನೆ ಸಂಜೆ ಕೂರಿಸಿದ್ದು. ಇವತ್ತೇ ಮೊದಲ ಕೂಗು.

ಒತ್ತಿದ.

ಆ ದನಿ ಅವನ ಲೆಕ್ಕವನ್ನು ಮೀರಿತ್ತು. ಮೊದಲು ನೆಲದಲ್ಲಿ ಎದ್ದು ಆಮೇಲೆ ಕಿವಿಗೆ ಬಂತು. ಕೂಗಿತು, ನಿಂತಿತು, ಕೂಗಿತು, ನಿಂತಿತು. ದಿಬ್ಬದ ಮೇಲಿನ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಹನುಮಂತರಾಯಪ್ಪ ಕಿವಿ ಮುಚ್ಚಿಕೊಂಡರು. ಬ್ರೇಕು ಬಿಟ್ಟಿತು, ಚಕ್ರ ತಿರುಗಿತು, ಆಳದಲ್ಲೆಲ್ಲೋ ಕಲ್ಲು ಕದಲಿತು. ಸೃಜನ್‌ಗೆ ಎದೆ ತುಂಬಿ ಬಂತು. ಇದು ನಡೆಯುತ್ತದೆ ಎಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಮೊದಲು ಒಬ್ಬಳು ಕಾಣಿಸಿದಳು. ಲೈನು ಮನೆಗಳ ಕಡೆಯ ಇಳಿಜಾರಿನಲ್ಲಿ ಚಪ್ಪಲಿ ಇಲ್ಲದೆ ಬರುತ್ತಿದ್ದಳು. ಅವಳ ಹಿಂದೆ ಇಬ್ಬರು. ಆಮೇಲೆ ಎಣಿಸುವ ಹಾಗಿರಲಿಲ್ಲ. ಎಲ್ಲರೂ ಹೆಂಗಸರು, ಹೆಚ್ಚಿನವರು ಮುದುಕಿಯರು. ಒಬ್ಬಳ ಕೈಯಲ್ಲಿ ಸೌಟು ಹಾಗೇ ಇತ್ತು. ಒಬ್ಬಳು ಸೊಸೆಯ ಹೆಗಲು ಹಿಡಿದಿದ್ದಳು. ಓಡಲಾರದವರೂ ಓಡುತ್ತಿದ್ದರು. ಬಂದವರು ಕುರ್ಚಿಯ ಕಡೆ ತಿರುಗಿಯೂ ನೋಡದೆ, ಶಾಫ್ಟಿನಿಂದ ಒಂದಿಷ್ಟು ದೂರದಲ್ಲಿ ಸಾಲಾಗಿ ನಿಂತರು. ಅಲ್ಲಿ ಬೇಲಿಯಿರಲಿಲ್ಲ, ಗೆರೆಯಿರಲಿಲ್ಲ. ಆದರೂ ಒಬ್ಬಳ ಕಾಲೂ ಸಾಲು ದಾಟಲಿಲ್ಲ.

ಸೃಜನ್ ಕೈಮುಗಿದುಕೊಂಡು ಹೋದ. "ಬನ್ನಿ, ಬನ್ನಿ. ಕುರ್ಚಿ ಇದೆ, ಕೂತ್ಕೊಳ್ಳಿ."

ಯಾರೂ ಕೂರಲಿಲ್ಲ. ಎಲ್ಲರಿಗಿಂತ ಮುಂದಿದ್ದ, ಕೈಗೆ ಅಕ್ಕಿ ತೊಳೆದ ನೀರು ಇನ್ನೂ ಮೆತ್ತಿದ್ದ ಮುದುಕಿ ಕೇಳಿದಳು: "ಯಾವ ಲೆವೆಲ್ಲು, ನಾಯನಾ?"

ಸೃಜನ್‌ಗೆ ಖುಷಿಯಾಯಿತು. ಊರಿನವರು ಇಷ್ಟು ಸರಿಯಾದ ಪ್ರಶ್ನೆ ಕೇಳುತ್ತಾರೆಂದು ಅವನು ಎಣಿಸಿರಲಿಲ್ಲ. "ಮುನ್ನೂರು ಮೀಟರ್ ಅಮ್ಮ. ಅದಕ್ಕಿಂತ ಕೆಳಗೆ ನೀರಿದೆ."

"ಎಷ್ಟು ಜನ?"

"ಜನಾನಾ? ಕೆಳಗೆ ಯಾರೂ ಇಲ್ಲ. ಕಲ್ಲು ಮಾತ್ರ."

"ಮತ್ತೆ ಸಂಗು ಯಾಕೆ ಊದ್ತು?"

ಸಂಗು ಎಂದರೆ ಸೈರನ್ ಎಂದು ಅವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಮುದುಕಿ ತಾಳ್ಮೆಯಿಂದ, ತಿಳಿಯದ ಮಗುವಿಗೆ ಹೇಳುವ ಹಾಗೆ ಹೇಳಿದಳು: "ಉದ್ದಕ್ಕೆ ಊದಿದ್ರೆ ಶಿಫ್ಟು ಬಿಡ್ತು ಅಂತ. ಇಂಗೆ ಬಿಟ್ಟು ಬಿಟ್ಟು ಊದಿದ್ರೆ, ಒಳಗೆ ಬಂಡೆ ಬಿದ್ದದೆ ಅಂತ."

ಸೃಜನ್‌ನ ಮುಗಿದ ಕೈ ಹಾಗೇ ಉಳಿಯಿತು.

"ಏನೂ ಆಗಿಲ್ಲಮ್ಮ," ಎಂದ. "ಗಾಬರಿ ಬೇಡ. ಮನೆಗೆ ಹೋಗಿ."

"ಆವಾಗ್ಲೂ ಇಂಗೇ ಏಳೋರು. ಏನೂ ಆಗಿಲ್ಲ, ಮನೆಗೋಗಿ ಅಂತ."

"ಗಣಿ ಮುಚ್ಚಿದೆಯಲ್ಲ, ನಿಮಗೆ ಗೊತ್ತಲ್ವಾ?"

"ಗೊತ್ತಿಲ್ದೆ ಏನು? ನನ್ಗೆ ಬುದ್ಧಿ ಕೆಟ್ಟಿಲ್ಲ. ಅಕ್ಕಿ ತೊಳೀತಿದ್ದೆ, ಎದ್ದು ಬಂದ್ಬಿಟ್ಟೆ. ಬಂದ್ಮೇಲೆ ನೋಡ್ಕೊಂಡೇ ಓಗ್ತೀವಿ."

ಅವಳ ಹೆಸರು ಆದಿಲಕ್ಷ್ಮಮ್ಮ ಎಂದು ಪಕ್ಕದವಳು ಹೇಳಿದಳು. ಬಂಡೆ ಬಿದ್ದಾಗ ಇವಳ ಗಂಡನನ್ನು ಮಾತ್ರ ಮೇಲಕ್ಕೆ ತರಲೇ ಇಲ್ಲ, ಎಂದೂ ಹೇಳಿದಳು. ಆದಿಲಕ್ಷ್ಮಮ್ಮ ತಾನೇ ಮುಂದುವರಿಸಿದಳು.

"ಮೇಲಕ್ಕೆ ಬಂದೋರ ಮುಖ ಗುರ್ತು ಸಿಗ್ತಿರ್ಲಿಲ್ಲಪ್ಪ. ಅದುಕ್ಕೆ ಒಬ್ಬೊಬ್ರೇ ಓಗಿ ನೋಡ್ಬೇಕು. ನಮ್ಮೋರಲ್ಲ ಅಂತ ಬಾಯ್ಬಿಟ್ಟು ಏಳಿ ಸರೀಬೇಕು. ಅಂಗೆ ಏಳ್ದೆ ನಿಂತೋಳು ಯಾರೋ, ಅವಳೋರೇ ಅದು ಅಂತ ಅವಳತ್ರ ಎಲ್ರೂ ಓಗೋದು. ನಾನು ಆವತ್ತು ಎಲ್ರುನ್ನೂ ನೋಡ್ದೆ. ನಮ್ಮೋರಲ್ಲ, ನಮ್ಮೋರಲ್ಲ ಅಂದ್ಕೊಂಡೇ ಮನೆಗೋದೆ."

ಸೃಜನ್‌ಗೆ ಇದನ್ನು ಈಗಲೇ ನಿಲ್ಲಿಸಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು. ಯಂತ್ರ ನಿಲ್ಲಿಸಿ, ತಪ್ಪಾಯಿತೆಂದು ಹೇಳಿ, ಕ್ಷಮೆ ಕೇಳಿ ಇವರನ್ನು ಕಳಿಸಬೇಕು. ತಿರುಗಿದರೆ ಬೆನ್ನ ಹಿಂದೆಯೇ ಹನುಮಂತರಾಯಪ್ಪ ಆಗಷ್ಟೇ ಬಂದು ನಿಂತಿದ್ದರು. ಅವರ ಕಣ್ಣು ಹೊಳೆಯುತ್ತಿತ್ತು.

"ಏನ್ರೀ ಇದು! ಇಷ್ಟು ಜನ! ಅದೂ ಹೆಂಗಸರು!"

"ಪಕ್ಕದ ಲೈನುಗಳವರು ಸಾರ್."

"ನೀವು ಕರೆದಿರಾ?"

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸೃಜನ್ ಆ ಸಾಲನ್ನು ಒಮ್ಮೆ ನೋಡಿದ. ಕುರ್ಚಿಗಳನ್ನು ಒಮ್ಮೆ ನೋಡಿದ.

"ಹೌದು ಸಾರ್," ಎಂದ. "ನಾನೇ ಕರೆದೆ."

ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಗುಂಡಿ ಒತ್ತಿದವನು ತಾನೇ. ಬಂದವರು ಇವರೇ. ನಡುವೆ ಏನಾಯಿತೆನ್ನುವುದು ಯಾವ ವರದಿಗೂ ಬೇಕಿಲ್ಲ.

ಕಲ್ಲು ಮೇಲೆ ಬಂತು. ಬೂದು ಬಣ್ಣದ, ಆಳೆತ್ತರದ, ಕಣ್ಣು ಮೂಗಿಲ್ಲದ ಒಂದು ಭಾರ. ಶಾಫ್ಟಿನ ನೀರು ಅದರ ಮೈಯಿಂದ ಸುರಿಯುತ್ತಿತ್ತು. ಬಿಸಿಲಿಗೆ ಬಂದದ್ದೇ ಆವಿ ಏಳತೊಡಗಿತು. ಮುನೀಂದ್ರ ಬ್ರೇಕು ಹಾಕಿ ನಿಲ್ಲಿಸಿದ. ಎತ್ತುವ ಕೆಲಸ ಮುಗಿಯಿತು. ಎಲ್ಲವೂ ಕಾಗದದ ಮೇಲೆ ಬರೆದ ಹಾಗೆಯೇ ನಡೆದಿತ್ತು.

ಆಗ ಸಾಲಿನ ತುದಿಯ ಹೆಂಗಸು ಕದಲಿದಳು. ಕಲ್ಲಿನ ಹತ್ತಿರ ಬಂದು ನಿಂತಳು. ನೋಡಿದಳು.

"ನಮ್ಮೋರಲ್ಲ," ಎಂದು ಸರಿದಳು.

ಎರಡನೆಯವಳು ಬಂದಳು. "ನಮ್ಮೋರಲ್ಲ." ಮೂರನೆಯವಳು ತಮಿಳಿನಲ್ಲಿ ಹೇಳಿದಳು, ಅವಳ ಹಿಂದಿನವಳು ತೆಲುಗಿನಲ್ಲಿ. ಅವರ ದನಿಯಲ್ಲಿ ಅಳುವಿರಲಿಲ್ಲ. ದೇವಸ್ಥಾನದ ಸಾಲಿನಲ್ಲಿ ಮುಂದೆ ಹೋಗುವವರ ಹಾಗೆ ಬಂದರು, ನೋಡಿದರು, ಹೇಳಿದರು, ಸರಿದರು.

"ಏಕೆ ಹೀಗೆ ಹೇಳುತ್ತಿದ್ದಾರೆ?" ಎಂದರು ಹನುಮಂತರಾಯಪ್ಪ, ಫೋನಿನಲ್ಲಿ ಚಿತ್ರ ತೆಗೆಯುತ್ತ.

"ಇಲ್ಲಿನ ಪದ್ಧತಿ ಸಾರ್."

"ಬಹಳ ಚೆನ್ನಾಗಿದೆ. ಯಂತ್ರಕ್ಕೆ ಆಶೀರ್ವಾದ."

ಅನಸೂಯಮ್ಮ ಎಂಬ, ಕಣ್ಣು ಮಂಜಾದ ಮುದುಕಿ ಸೊಸೆಯ ಕೈ ಹಿಡಿದು ಬಂದಳು. ಕಲ್ಲನ್ನು ತಡವಿ, ಅಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಸೃಜನ್‌ನ ಕಡೆ ತಿರುಗಿದಳು. ಅವನ ತಲೆಯ ಮೇಲೆ ಹೆಲ್ಮೆಟ್ಟಿತ್ತು, ದಿಬ್ಬದ ಗಾಳಿ ತಂದ ಬಿಳಿ ಮಣ್ಣು ಅಂಗಿಗೂ ಮುಖಕ್ಕೂ ಮೆತ್ತಿತ್ತು. ಮುದುಕಿ ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬೆರಳು ಒರಟಾಗಿತ್ತು, ಬೆಚ್ಚಗಿತ್ತು. ಬಹಳ ಹೊತ್ತು ನೋಡಿದಳು. ಇಷ್ಟು ಹತ್ತಿರದಿಂದ ಇಷ್ಟು ಹೊತ್ತು ಅವನ ಮುಖವನ್ನು ಯಾರು ಕೊನೆಯ ಸಲ ನೋಡಿದ್ದರೋ ಅವನಿಗೆ ನೆನಪಾಗಲಿಲ್ಲ.

"ನಮ್ಮೋರಲ್ಲ," ಎಂದಳು. ಬಿಟ್ಟಳು. ಸರಿದಳು.

ಹನುಮಂತರಾಯಪ್ಪ ನಕ್ಕರು. ಸೃಜನ್ ಕೂಡ ನಕ್ಕ. ಅವನಿಗೆ ಅವಮಾನವಾಗಲಿಲ್ಲ, ಭಯವಾಯಿತು. ಹಾಗಾದರೆ ತಾನು ಯಾರವನು? ದಾವಣಗೆರೆಯಲ್ಲಿ ಸಂಗು ಊದಿದರೆ ಪ್ರೇರಣಾ ಅಕ್ಕಿ ಬಿಟ್ಟು ಎದ್ದು ಬರುತ್ತಾಳೆಯೇ? ಬಂದು, ನೋಡಿ, ಏನು ಹೇಳುತ್ತಾಳೆ? ಸರಿ ಎನ್ನುತ್ತಾಳೆ. ಸರಿ ಹಾಗಾದ್ರೆ.

ಕೊನೆಗೆ ಉಳಿದವಳು ಆದಿಲಕ್ಷ್ಮಮ್ಮ. ಅವಳು ಬಂದು ಕಲ್ಲಿನ ಮುಂದೆ ನಿಂತಳು. ಎಲ್ಲರೂ ಕಾದರು. ಅವಳು ಹೇಳಲಿಲ್ಲ. ಸೆರಗಿನ ತುದಿಯಿಂದ ಕಲ್ಲಿನ ಮೇಲಿನ ನೀರನ್ನು ಒರೆಸಿದಳು, ಮೇಲಿನಿಂದ ಕೆಳಕ್ಕೆ, ಮತ್ತೆ ಮೇಲಿನಿಂದ ಕೆಳಕ್ಕೆ. ಒರೆಸಿದಷ್ಟೂ ನೀರು ಜಿನುಗುತ್ತಿತ್ತು. ಅವಳ ಬಾಯಿಂದ ಆ ಮಾತು ಬರಲೇ ಇಲ್ಲ. ಆಗ ಸರಿದು ನಿಂತಿದ್ದ ಹೆಂಗಸರೆಲ್ಲ ಸದ್ದಿಲ್ಲದೆ ಬಂದು ಅವಳ ಸುತ್ತ ನಿಂತರು. ಒಬ್ಬಳು ಅವಳ ಭುಜದ ಮೇಲೆ ಕೈಯಿಟ್ಟಳು.

ಹನುಮಂತರಾಯಪ್ಪ ಆ ಚಿತ್ರವನ್ನೂ ತೆಗೆದರು. ಬಹುಶಃ ವರದಿಯ ಮುಖಪುಟಕ್ಕೆ.

"ಬಾರಕ್ಕ," ಎಂದಳು ಪಕ್ಕದವಳು ಸ್ವಲ್ಪ ಹೊತ್ತಿನ ಮೇಲೆ. "ಒಲೆ ಮೇಲೆ ಎಸರಿಟ್ಟು ಬಂದಿದ್ದೀಯ."

ಆದಿಲಕ್ಷ್ಮಮ್ಮ ಎರಡು ಹೆಜ್ಜೆ ಹೋದವಳು ತಿರುಗಿ ಸೃಜನ್‌ನನ್ನು ಕೇಳಿದಳು: "ಇನ್ಮುಂದೆ ಇದು ಮೇಲೇನೇ ಇರ್ತದಾ?"

"ಇರುತ್ತಮ್ಮ," ಎಂದ ಸೃಜನ್.

ಏಕೆ ಹಾಗೆ ಹೇಳಿದನೋ. ಬಾಯಿಗೆ ಬಂತು, ಹೇಳಿದ. ಅವಳು ನಂಬಿದಳು. ಕಣ್ಣಲ್ಲೇ ಕಾಣಿಸಿತು. ಹೆಂಗಸರು ಗುಂಪಾಗಿ ಇಳಿಜಾರಿನ ಕಡೆ ನಡೆದರು. ಈಗ ಯಾರಿಗೂ ಅವಸರವಿರಲಿಲ್ಲ. ಯಾರೋ ಏನೋ ಹೇಳಿದರು, ಯಾರೋ ನಕ್ಕರು ಕೂಡ. ಉಪ್ಪಿಟ್ಟಿನ ಪಾತ್ರೆಯನ್ನು ಒಬ್ಬರೂ ಮುಟ್ಟಿರಲಿಲ್ಲ.

"ಬರೆದಾಯಿತು ಅಂತಲೇ ತಿಳಿದುಕೊಳ್ಳಿ," ಎಂದರು ಹನುಮಂತರಾಯಪ್ಪ. "ಜಾರ್ಖಂಡದವರಿಗೆ ನಿಮ್ಮನ್ನೇ ಪಾಠ ಹೇಳಲು ಕಳಿಸಬೇಕು. ಎಲ್ಲಿ, ಇಳಿಸಿ. ದೀಪ ನೋಡಿಬಿಟ್ಟರೆ ನನ್ನ ಗಾಡಿ ಹಿಡಿಯಬಹುದು."

ಅವನು ಗೆದ್ದಿದ್ದ. ಅದರಲ್ಲಿ ಅನುಮಾನವಿರಲಿಲ್ಲ. ಆ ಹತ್ತಾರು ಶಾಫ್ಟುಗಳೆಲ್ಲ ಇನ್ನು ಅವನವೇ. ಒಂದು ದಿನ ಬಂಗಾರಪೇಟೆಯಲ್ಲಿ ಆ ಕಪ್ಪು ಗಾಡಿ ಬರುವುದು ನಿಲ್ಲುತ್ತದೆ. ಅದು ದೊಡ್ಡ ಕೆಲಸ, ಒಳ್ಳೆಯ ಕೆಲಸ, ಆಗಲೇಬೇಕಾದ ಕೆಲಸ. ಇದನ್ನು ಅವನು ಈಗಲೂ ನಂಬಿದ್ದ.

ಮುನೀಂದ್ರ ಯಂತ್ರದ ಹಿಡಿ ಹಿಡಿದು ಕಾಯುತ್ತಿದ್ದ. ಬ್ರೇಕು ಬಿಡಲಿಲ್ಲ. ಸೈರನ್ ಆಗದೆ ಅದು ಬಿಡುವುದಿಲ್ಲ.

"ಸಾರ್," ಎಂದ ಅವನು ಮೆಲ್ಲಗೆ. "ಅವ್ರಿನ್ನೂ ದಾರೀಲೇ ಅವ್ರೆ."

"ಗೊತ್ತು."

"ಬಜರ್ ಆಕ್ಕೊಂಡು ಇಳ್ಸಣ್ವಾ? ಒಂದು ಗಂಟೆ ಕೆಲ್ಸ."

ಹನುಮಂತರಾಯಪ್ಪ ಗಡಿಯಾರ ನೋಡಿಕೊಂಡರು.

ಸೃಜನ್ ಗುಂಡಿಯ ಮೇಲೆ ಬೆರಳಿಟ್ಟ. ಇಳಿಜಾರಿನಲ್ಲಿ ಹೆಂಗಸರ ಬೆನ್ನುಗಳು ಕಾಣುತ್ತಿದ್ದವು. ಕೊನೆಯವಳು ಆದಿಲಕ್ಷ್ಮಮ್ಮ. ಅವಳ ಒದ್ದೆ ಸೆರಗು ಕಾಲಿಗೆ ಅಂಟಿಕೊಳ್ಳುತ್ತಿತ್ತು. ಅವಳು ಅದನ್ನು ಆಗಾಗ ಬಿಡಿಸಿಕೊಳ್ಳುತ್ತ ನಡೆಯುತ್ತಿದ್ದಳು.

ಒತ್ತಿದ.

ಬೆನ್ನುಗಳು ನಿಂತವು. ಸಂಗು ಕೂಗಿತು, ನಿಂತಿತು, ಕೂಗಿತು, ನಿಂತಿತು. ಬ್ರೇಕು ಬಿಟ್ಟಿತು. ಕಲ್ಲು ಒಮ್ಮೆ ತೂಗಿ, ಶಾಫ್ಟಿನ ಬಾಯೊಳಗೆ ಇಳಿಯತೊಡಗಿತು. ಕಂಬದಿಂದ ಕಂಬಕ್ಕೆ ಕಟ್ಟಿದ್ದ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಹನುಮಂತರಾಯಪ್ಪ ಚಪ್ಪಾಳೆ ತಟ್ಟಿದರು. ಸುಡುವ ಬಿಸಿಲಿನಲ್ಲಿ ಆ ದೀಪಗಳು ಉರಿಯುತ್ತಿವೆಯೋ ಇಲ್ಲವೋ ಎಂದು ತಿಳಿಯಲು ಕಣ್ಣ ಮೇಲೆ ಕೈಯಿಟ್ಟು ನೋಡಬೇಕಾಗಿತ್ತು.

ಇಳಿಜಾರಿನಲ್ಲಿ ಎಲ್ಲರಿಗಿಂತ ಮೊದಲು ತಿರುಗಿದವಳು ಆದಿಲಕ್ಷ್ಮಮ್ಮ. ಓಡಿದಳು. ಅವಳ ಹಿಂದೆ ಉಳಿದವರೂ ಓಡಿ ಬಂದು, ಇಲ್ಲದ ಆ ಗೆರೆಯ ಮೇಲೆ, ತಮ್ಮ ತಮ್ಮ ಜಾಗದಲ್ಲಿ, ಮತ್ತೆ ಸಾಲಾಗಿ ನಿಂತರು. ಸೃಜನ್ ಅವರ ಕಡೆ ತಿರುಗಲಿಲ್ಲ. ಶಾಫ್ಟಿನ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದ. ಹಗ್ಗ ಇಳಿಯುತ್ತಲೇ ಇತ್ತು.